ಗುಡ್ಡ ಉಳಿದ ಮೇಲೆ

ಪ್ರೀತಿಯ ಗೆಳೆಯಾ,

ಗುಡ್ಡ ಉಳಿಯಿತಲ್ಲ, ಇನ್ನಾದರೂ ಹೋರಾಟದ ಓಡಾಟ ಸಾಕು ಎಂದು ಬರೆದಿದ್ದೀಯ. ಉತ್ತರವನ್ನು ನಾಲ್ಕು ಜನ ಓದುವಲ್ಲಿಯೇ ಬರೆಯುತ್ತಿದ್ದೇನೆ, ನಮ್ಮ ಹುಡುಗರಿಗೂ ತಿಳಿಯಲಿ.

ಹಾವೇರಿ ಕಡೆಯ ಕುಸನೂರು ನೆನಪಿದೆಯಲ್ಲ? 1987ರ ನವೆಂಬರ್ 14. ದನ ಮೇಯುವ, ಬಡವರು ಸೌದೆ ಆಯುವ ಜಾಗವನ್ನು ಹರಿಹರದ ಕಾರ್ಖಾನೆಗೆ ಬೇಕಾದ ಮರದ ತಿರುಳಿಗಾಗಿ ನೀಲಗಿರಿ ಬೆಳೆಸಲು ಕೊಟ್ಟಿದ್ದರು. 'ಕಿತ್ತಿಕೋ ಹಚ್ಚಿಕೋ' ಎಂದು ಜನ ನೀಲಗಿರಿ ಸಸಿ ಕಿತ್ತು, ಅಲ್ಲಿಯೇ ಹಣ್ಣಿನ, ಮೇವಿನ ಗಿಡ ಹಚ್ಚಿದರು. ನಮಗೆ ನ್ಯಾಯವೆಂದರೆ ಏನೆಂದು ಕಲಿಸಿದ್ದೇ ಆ ಹಚ್ಚುವ ಕೆಲಸ.

ಗಣಿಯವರ ಕಣ್ಣು ಬಿದ್ದಿದ್ದ ಗದಗ ಜಿಲ್ಲೆಯ ಕಪ್ಪತಗುಡ್ಡದ್ದು ನಿನಗೆ ಹೇಳಬೇಕಿಲ್ಲ. 2015ರಲ್ಲಿ ಸರ್ಕಾರದವರು ಅದನ್ನು ಸಂರಕ್ಷಿತ ಪ್ರದೇಶವೆಂದರು, ಮರುವರ್ಷ ಹಿಂದಕ್ಕೆ ಪಡೆದರು. ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಜೊತೆ ಗದಗವೇ ಬೀದಿಗಿಳಿಯಿತು. 2017ರಲ್ಲಿ ಆದೇಶ ಮರಳಿತು, 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು.

ಮೊನ್ನೆ ಗುಡ್ಡದ ಬುಡದ ಡೋಣಿಯ ಕಡೆಯಲ್ಲಿ ಕುರಿಗಾಹಿ ಅಜ್ಜನೊಬ್ಬ ಸಿಕ್ಕ. ಹೆಗಲ ಕಂಬಳಿಯ ಮಡಿಕೆಯಲ್ಲಿ ಅದೇ ತಾನೇ ಹುಟ್ಟಿದ ಮರಿ, ಮೈ ಇನ್ನೂ ಒದ್ದೆ. ಅದರ ಕಿವಿ ಒರೆಸುತ್ತಲೇ ಕೇಳಿದ: "ಗುಡ್ಡ ಉಳಿಸೋಣ ಎಂದಾಗ ನಮ್ಮನ್ನೂ ಸೇರಿಸಿಯೇ ಹೇಳಿದ್ದಿರಲ್ಲ? ಈಗ ಗುಡ್ಡದೊಳಗೆ ಮೇಯಿಸಲು ಬಿಡುತ್ತಿಲ್ಲ, ಕುರಿ ಎಲ್ಲಿಗೆ ಹೊಡೆದುಕೊಂಡು ಹೋಗಲಿ?"

ಅಂದಿನಿಂದ ನಿದ್ದೆ ಸರಿಯಾಗಿ ಹತ್ತುತ್ತಿಲ್ಲ. ಕುಸನೂರಿನಲ್ಲಿ ಮೇವಿಗಾಗಿ ಜೊತೆಗೆ ನಿಂತವನು ಇದೇ ಮನುಷ್ಯನಂಥವನು. ಮುಂದೆ ಮತ್ತೆ ಗಣಿಯ ಅರ್ಜಿ ಬಂದಾಗ ನಾವು ಕರೆದರೆ ಅವನೇಕೆ ಬರಬೇಕು? ಅವನು ಬಾರದಿದ್ದರೆ ಗುಡ್ಡದ ಪರವಾಗಿ ಮಾತನಾಡಲು ನಾನು ಯಾರು? ಮನೆ, ಹೊಲ, ಮಕ್ಕಳ ಓದು ಎಲ್ಲವನ್ನೂ ಹೆಂಡತಿಯ ಹೆಗಲಿಗೆ ಹಾಕಿ ಇಷ್ಟು ವರ್ಷ ತಿರುಗಿದ್ದು ಅವನ ಆ ನಂಬಿಕೆಯ ಮೇಲೆಯೇ. ಅದು ಹೋದರೆ ನನ್ನ ಬಳಿ ಬೇರೇನೂ ಉಳಿಯುವುದಿಲ್ಲ, ಗೆಳೆಯಾ.

ಇರಲಿ, ಇಷ್ಟೆಲ್ಲ ಬರೆಯಬೇಕೆಂದು ಕುಳಿತಿರಲಿಲ್ಲ. ಕೈಕಟ್ಟಿ ಕೂರುವ ಪೈಕಿಯೂ ಅಲ್ಲ ನಾವು. ಕಾನೂನು ವನ್ಯಜೀವಿಧಾಮದಲ್ಲಿ ಮೇಯಿಸುವುದನ್ನು ಪೂರ್ತಿ ನಿಷೇಧಿಸಿಲ್ಲ. ಅದನ್ನು ನಿಯಂತ್ರಿಸುವ, ಅನುಮತಿಸುವ ಅಧಿಕಾರವನ್ನು ಮುಖ್ಯ ವನ್ಯಜೀವಿ ವಾರ್ಡನ್‌ಗೆ ಕೊಟ್ಟಿದೆ. ಮುಂದಿನ ಸೋಮವಾರ ಕುರಿಗಾಹಿಗಳನ್ನು ಮುಂದಿಟ್ಟುಕೊಂಡು ಮನವಿ ಕೊಡುತ್ತೇವೆ. ಕರಡು ನೀನೇ ಬರೆಯಬೇಕು. ಭಾನುವಾರವೇ ಬಂದುಬಿಡು, ಧಾರವಾಡದ ಲೈನ್ ಬಜಾರಿನ ಪೇಢೆ ತುಂಬು ಡಬ್ಬಿ ಇರಲಿ. ಮುಂಡರಗಿ ಬಸ್‌ ನಿಲ್ದಾಣದ ಪ್ರಕರಣವನ್ನು ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ.

ನಿನ್ನವನು