ಮೊದಲು ಈ ವರ್ಷದ ಬಾಕಿ ತೆಗೆ, ಆಮೇಲೆ ಖಾತೆ ಬದಲಿಸು

ಪ್ರೀತಿಯ ವಸುಧಾ,

ಆಶೀರ್ವಾದಗಳು. ಊಟ, ನಿದ್ದೆ ಬಿಡಬೇಡ. ನಿನ್ನ ಯಜಮಾನರು ಮೂರ್ತಿಯವರು ತೀರಿಕೊಂಡ ಮೇಲೆ, ಅವರ ಖಾತೆ ನೋಡಿಕೊಳ್ಳುವ ಕಸ್ಟೋಡಿಯನ್ ಕಂಪನಿಯವರು ಕಳಿಸಿದ ಕಾಗದಗಳನ್ನೆಲ್ಲ ಓದಿದೆ. ಸಹಿ ಹಾಕುವ ಮೊದಲು ಇದನ್ನು ನೋಡು.

73 ದಾಟಿದವರು ಐಆರ್‌ಎಯಿಂದ, ಅಂದರೆ ಅಮೆರಿಕದ ನಿವೃತ್ತಿ ಉಳಿತಾಯ ಖಾತೆಯಿಂದ, ಪ್ರತಿವರ್ಷ ಇಂತಿಷ್ಟು ಹಣ ತೆಗೆಯಲೇಬೇಕು. ಅದೇ ಆರ್‌ಎಂಡಿ. ತೀರಿಕೊಂಡ ವರ್ಷಕ್ಕೂ ಅದು ತಪ್ಪಿದ್ದಲ್ಲ; ಮೂರ್ತಿಯವರು ವರ್ಷಪೂರ್ತಿ ಇದ್ದರೆಂದೇ ಲೆಕ್ಕ ಹಾಕುತ್ತಾರೆ. ಹೋದ ಡಿಸೆಂಬರ್ 31ಕ್ಕೆ ಖಾತೆಯಲ್ಲಿದ್ದದ್ದು 4,00,000 ಡಾಲರ್. ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ನ ಯೂನಿಫಾರ್ಮ್ ಲೈಫ್‌ಟೈಮ್ ಟೇಬಲ್‌ನಲ್ಲಿ ಅವರ 75 ವಯಸ್ಸಿಗೆ ಇರುವ ಅಂಕಿ 24.6. ಭಾಗಿಸಿದರೆ 16,260 ಡಾಲರ್ 16 ಸೆಂಟ್. ಅವರು ಮಾರ್ಚ್‌ನಲ್ಲಿ 6,000 ತೆಗೆದಿದ್ದರು. ಉಳಿದದ್ದಕ್ಕೆ ನೀನು 10,261 ಎಂದೇ ಕೇಳು, ಸೆಂಟುಗಳ ಲೆಕ್ಕದಲ್ಲಿ ಕಡಿಮೆ ಬೀಳಬಾರದು. ಆ ಹಣ ಎಸ್ಟೇಟ್ ಖಾತೆಗೆ, ಅಂದರೆ ತೀರಿಕೊಂಡವರ ಆಸ್ತಿಯ ಲೆಕ್ಕಕ್ಕೆ, ಹೋಗಕೂಡದು. ಬೆನಿಫಿಶಿಯರಿ, ಅಂದರೆ ಖಾತೆಗೆ ವಾರಸುದಾರಳೆಂದು ಹೆಸರಿಸಿದ ನಿನ್ನ ಹೆಸರಿಗೆ, ನಿನ್ನ ಸೋಶಿಯಲ್ ಸೆಕ್ಯುರಿಟಿ ನಂಬರಿಗೇ ಬರಬೇಕು.

ತೆಗೆಯದೆ ಬಿಟ್ಟರೆ ಬಾಕಿಯ ಮೇಲೆ ಶೇ. 25 ದಂಡ. ತೀರಿಕೊಂಡ ವರ್ಷದ ಬಾಕಿಯನ್ನು ಮರುವರ್ಷದ ಡಿಸೆಂಬರ್ 31ರೊಳಗೆ ತೆಗೆದರೆ ದಂಡ ತಾನಾಗಿ ಮನ್ನಾ ಆಗುತ್ತದೆ, ನಿಜ. ಆದರೂ ಮುಂದೂಡಬೇಡ. ಈ ವರ್ಷ ನೀನಿನ್ನೂ ಅವರೊಂದಿಗೆ ಜಾಯಿಂಟ್ ರಿಟರ್ನ್, ಅಂದರೆ ಗಂಡಹೆಂಡಿರ ಒಟ್ಟು ತೆರಿಗೆ ಲೆಕ್ಕ, ಹಾಕಬಹುದು. ಮುಂದಿನ ವರ್ಷದಿಂದ ನೀನು ಸಿಂಗಲ್. ಅಷ್ಟೇ ಆದಾಯಕ್ಕೆ ಹೆಚ್ಚು ತೆರಿಗೆ.

ಈ ಬಾಕಿ ಕೈಗೆ ಬಂದ ಮೇಲೆಯೇ ಮಿಕ್ಕಿದ್ದನ್ನು ನಿನ್ನ ಐಆರ್‌ಎಗೆ ರೋಲ್‌ಓವರ್ (ವರ್ಗಾವಣೆ) ಮಾಡಿಸು. ಎಲ್ಲವನ್ನೂ ಒಟ್ಟಿಗೆ ಸಾಗಿಸಿಬಿಡುವವರೇ ಹೆಚ್ಚು. ಆರ್‌ಎಂಡಿ ಹಣಕ್ಕೆ ರೋಲ್‌ಓವರ್ ಇಲ್ಲ. ಹಾಗೇನಾದರೂ ನಿನ್ನ ಖಾತೆಗೆ ಸೇರಿದರೆ ಹೆಚ್ಚುವರಿ ಜಮಾ ಅನ್ನಿಸಿಕೊಂಡು, ವಾಪಸ್ ತೆಗೆಯುವ ತನಕ ವರ್ಷವರ್ಷವೂ ಶೇ. 6 ದಂಡ ಬೀಳುತ್ತದೆ.

ನಿನಗೀಗ 68. ನಿನ್ನದೇ ಖಾತೆಯಾದರೆ 73 ಆಗುವವರೆಗೆ ಕಡ್ಡಾಯವಾಗಿ ಏನೂ ತೆಗೆಯಬೇಕಿಲ್ಲ, ಹಾಗಾಗಿ ನಿನಗೆ ಇದೇ ಸರಿ. (ಐವತ್ತೊಂಬತ್ತೂವರೆ ತುಂಬದ ಹೆಂಗಸಾಗಿದ್ದರೆ ಇನ್‌ಹೆರಿಟೆಡ್ ಐಆರ್‌ಎ, ಅಂದರೆ ಗಂಡನಿಂದ ಬಂದ ಖಾತೆಯಾಗಿಯೇ ಇಟ್ಟುಕೋ ಅನ್ನುತ್ತಿದ್ದೆ. ಸ್ವಂತ ಖಾತೆಗೆ ಹಾಕಿಕೊಂಡು ಆ ವಯಸ್ಸಿಗೆ ಮುಂಚೆ ತೆಗೆದರೆ ಶೇ. 10 ದಂಡವಿದೆ.)

ಮೂರ್ತಿಯವರ ಹಳೇ ಕಂಪನಿಯ ನಿವೃತ್ತಿ ಖಾತೆ 401ಕೆಗೆ ಅದರದ್ದೇ ಆರ್‌ಎಂಡಿ ಇದೆ, ಅದರಿಂದಲೇ ತೆಗೆಯಬೇಕು. ಐಆರ್‌ಎಯಿಂದ ಹೆಚ್ಚು ತೆಗೆದು ಸರಿದೂಗಿಸಲಾಗದು. ಮಿಕ್ಕ ಹಣಕ್ಕೆ ಫಾರ್ಮಿನಲ್ಲಿ ‘ಡೈರೆಕ್ಟ್ ರೋಲ್‌ಓವರ್’ ಎಂದೇ ಗುರುತು ಹಾಕು. ಚೆಕ್ ನಿನ್ನ ಕೈಗೆ ಬಂದರೆ ತೆರಿಗೆಗೆಂದು ಶೇ. 20 ಮೊದಲೇ ಹಿಡಿದುಕೊಳ್ಳುತ್ತಾರೆ. ಪೂರ್ತಿ ಹಣ ಉಳಿಯಬೇಕಾದರೆ ಆ ಕೊರತೆಯನ್ನು 60 ದಿನದೊಳಗೆ ನಿನ್ನ ಕೈಯಿಂದಲೇ ತುಂಬಿಕೊಡಬೇಕಾಗುತ್ತದೆ.

ಹೊಸ ಖಾತೆ ತೆರೆದ ದಿನವೇ ಬೆನಿಫಿಶಿಯರಿ ಫಾರ್ಮಿನಲ್ಲಿ ಮಕ್ಕಳಿಬ್ಬರ ಹೆಸರು ಬರೆ. ವಿಲ್‌ನಲ್ಲಿ ಏನೇ ಇದ್ದರೂ ನಡೆಯುವುದು ಆ ಫಾರ್ಮಿನಲ್ಲಿರುವ ಹೆಸರೇ. ನಿನ್ನ ನಂತರ ಅವರು ಹತ್ತು ವರ್ಷದೊಳಗೆ ಖಾತೆ ಖಾಲಿ ಮಾಡಬೇಕು, ಇದನ್ನು ಅವರಿಗೂ ಹೇಳಿಡು.

ನಿನ್ನ ಅಕ್ಕ