ಶಟರ್ ಮತ್ತೆ ಎತ್ತಿದವರಿಗೆ

2020ರಲ್ಲಿ ಮನೆಗೆ ಬಂದ ಕಚೇರಿ ಕೆಲಸ ನನ್ನ ಊಟದ ಮೇಜಿನಿಂದ ಇನ್ನೂ ಎದ್ದು ಹೋಗಿಲ್ಲ. ಕಳೆದ ತಿಂಗಳು ಬಿದ್ದ ಪೆನ್ನು ಎತ್ತಿಕೊಳ್ಳಲು ಬಗ್ಗಿದವನಿಗೆ ನೆಟ್ಟಗಾಗಲು ಆಗಲಿಲ್ಲ. ಗೋಡೆ ಹಿಡಿದುಕೊಂಡು ಪಕ್ಕದ ಬೀದಿಯ ಫಿಸಿಯೋಥೆರಪಿ ಕೇಂದ್ರ ತಲುಪಿದಾಗ ಶಟರ್ ಅರ್ಧ ಇಳಿದಿತ್ತು. ನೀವು ಹೆಗಲಿನ ಚೀಲ ಕೆಳಗಿಟ್ಟು ಅದನ್ನು ಮತ್ತೆ ಎತ್ತಿದಿರಿ.

ಕಾಲಿಗೆ ಜೋಮು ಇಳಿಯುತ್ತದೆಯೇ ಎಂದು ವಿಚಾರಿಸಿ, ಇಲ್ಲವೆಂದ ಮೇಲೆಯೇ ಮಲಗಿಸಿದಿರಿ. ಶಾಖದ ಪ್ಯಾಡನ್ನು ಮೊದಲು ನಿಮ್ಮ ಮುಂಗೈಗೆ ತಾಗಿಸಿ ನೋಡಿಕೊಂಡಿರಿ, ಮಗುವಿನ ಸ್ನಾನದ ನೀರು ನೋಡುವ ಹಾಗೆ. ನನ್ನ ಮೊಣಕಾಲನ್ನು ಎದೆಯತ್ತ ತಂದು ಹಿಡಿದಾಗ ಮೆಲ್ಲಗೆ ಎಣಿಸುತ್ತಿದ್ದಿರಿ. ನಾನು ಉಸಿರು ಕಟ್ಟಿದರೆ ಎಣಿಕೆಯೂ ನಿಲ್ಲುತ್ತಿತ್ತು.

ಹೊರಡುವಾಗ ಒಂದು ಹಳೆಯ ಟವೆಲ್ ಸುತ್ತಿ ಕೊಟ್ಟು, ಸೊಂಟದ ಹಿಂದೆ ಇಟ್ಟುಕೊಳ್ಳಲು ತೋರಿಸಿದಿರಿ. “ಮೇಜಿನ ಮೇಲೆ ದೊಡ್ಡ ಬಾಟಲಿ ಬೇಡ ಸರ್, ಸಣ್ಣ ಲೋಟ ಇಡಿ. ನೀರಿಗಾದರೂ ಅರ್ಧ ಗಂಟೆಗೊಮ್ಮೆ ಏಳುತ್ತೀರಿ” ಎಂದಿರಿ. ಎರಡು ಸಾವಿರದ ಕುರ್ಚಿ ಕೊಳ್ಳಲು ಹೊರಟಿದ್ದವನು ನಾನು!

ಆ ರಾತ್ರಿ ಎಷ್ಟೋ ದಿನಗಳ ಬಳಿಕ ನರಳದೆ ಮಗ್ಗುಲು ಬದಲಿಸಿದೆ. ನಿಮ್ಮ ಹೆಸರು ಕೇಳಲು ಮರೆತೆ, ತಾಯಿ. ಟವೆಲ್ ಇನ್ನೂ ನನ್ನ ಕುರ್ಚಿಯಲ್ಲೇ ಇದೆ. ಹಿಂದಿರುಗಿಸುವ ಮನಸ್ಸು ಬಂದಿಲ್ಲ. ಧನ್ಯವಾದ.