ಶಿರಸಿಯಲ್ಲಿರುವ ಮಗಳಿಗೊಂದು ಪತ್ರ

ಕಾರವಾರ

ಪ್ರೀತಿಯ ಮಗಳೇ,

ಕರ್ತನ ನಾಮದಲ್ಲಿ ಆಶೀರ್ವಾದ. ಓದಲು ಕೂತರೆ ಮನಸ್ಸು ನಿಲ್ಲುವುದಿಲ್ಲ, ಆರಾಧನೆಗೆ ಹೋದರೆ ಪರಿಚಯದವರು ಯಾರೂ ಇಲ್ಲ ಅಂದೆಯಲ್ಲ, ಅದಕ್ಕೆ ಈ ಕಾಗದ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ.

ಸತ್ಯವೇದವನ್ನು, ಅಂದರೆ ಬೈಬಲನ್ನು, ಮೊದಲ ಪುಸ್ತಕ ಆದಿಕಾಂಡದಿಂದ ಶುರುಮಾಡಿ ವರ್ಷದಲ್ಲಿ ಮುಗಿಸುತ್ತೇನೆ ಅಂತ ಹೊರಡಬೇಡ. ಅದರಲ್ಲಿ ಒಟ್ಟು 1,189 ಅಧ್ಯಾಯ. ದಿನಕ್ಕೆ ಮೂರೋ ನಾಲ್ಕೋ ಬೀಳುತ್ತವೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಹಾಗೆ ಜನವರಿಯಲ್ಲಿ ಎಲ್ಲರೂ ಓದುತ್ತಾರೆ. ಆದಿಕಾಂಡ ಕಥೆ, ಸಲೀಸಾಗಿ ಓಡುತ್ತದೆ. ವಿಮೋಚನಕಾಂಡದ 25ನೇ ಅಧ್ಯಾಯದಿಂದ ಆರಾಧನೆಯ ಗುಡಾರದ ಅಳತೆ, ಪರದೆ, ಕೊಂಡಿಗಳ ಲೆಕ್ಕ ಶುರು. ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ನಾಲ್ಕು ದಿನ ತಪ್ಪಿದರೂ ಹದಿಮೂರು ಅಧ್ಯಾಯ ಬಾಕಿ. ಬಾಕಿ ತೀರಿಸಲು ಬರೀ ಕಣ್ಣಾಡಿಸುವುದು, ಆಮೇಲೆ ಪುಸ್ತಕ ಮುಟ್ಟಲೂ ಮುಜುಗರ. ಲೆಕ್ಕ ತಪ್ಪಿದ್ದನ್ನೇ ನಂಬಿಕೆ ತಪ್ಪಿತು ಅಂದುಕೊಳ್ಳುವವರು ಬಹಳ ಜನ.

ನೀನು ಮಾರ್ಕನ ಸುವಾರ್ತೆಯಿಂದ ಹಿಡಿ. ಹದಿನಾರೇ ಅಧ್ಯಾಯ. ದಿನಕ್ಕೆ ಅರ್ಧ ಅಧ್ಯಾಯ, ಜೊತೆಗೆ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ. ಒಂದು ತಿಂಗಳಿಗೆ ಸರಿಹೋಗುತ್ತದೆ. ಒಂದು ದಿನ ತಪ್ಪಿದರೆ ಬಿಟ್ಟ ಜಾಗದಿಂದ ಅರ್ಧ ಅಧ್ಯಾಯ ಮಾತ್ರ ಓದು, ಎರಡು ದಿನದ್ದನ್ನು ಒಟ್ಟಿಗೆ ತುರುಕಬೇಡ. ಬೆಳಿಗ್ಗೆ ಫೋನು ಮುಟ್ಟುವ ಮೊದಲು ಇಪ್ಪತ್ತು ನಿಮಿಷ ಸಾಕು. ಗಟ್ಟಿಯಾಗಿ ಒಂದು ಸಲ ಓದಿ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರಿ: ಓದಿದ್ದರಲ್ಲಿ ಏನಿದೆ, ಯಾವುದು ಅರ್ಥವಾಗಲಿಲ್ಲ, ಇವತ್ತಿಗೆ ಏನು ಬೇಡಿಕೊಳ್ಳುತ್ತೀ. ನಡುವಿನ ಸಾಲನ್ನು ಮಾತ್ರ ಖಾಲಿ ಬಿಡಬೇಡ, ಆಮೇಲೆ ಬೇಕಾಗುತ್ತದೆ.

ಮಾರ್ಕ ಮುಗಿದ ಮೇಲೆ ಫಿಲಿಪ್ಪಿಯವರಿಗೆ ಬರೆದ ಪತ್ರ. ಗಟ್ಟಿಯಾಗಿ ಓದಿದರೂ ಕಾಲು ಗಂಟೆ, ಒಂದು ವಾರ ದಿನವೂ ಇಡೀ ಪತ್ರ ಓದು. ಅದನ್ನು ಬರೆದ ಪೌಲ ವಚನಗಳಿಗೆ ನಂಬರು ಹಾಕಿ ಬರೆದವನಲ್ಲ. ಹೊಸ ಒಡಂಬಡಿಕೆಗೆ ಈಗಿರುವ ವಚನಸಂಖ್ಯೆ ಹಾಕಿದ್ದು 1551ರಲ್ಲಿ, ರಾಬೇರ್ ಎಸ್ತಿಯೆನ್ ಎಂಬ ಮುದ್ರಕ. ಹುಡುಕಲು ಅನುಕೂಲವಾಯಿತು, ಕಿತ್ತುಕೊಳ್ಳಲೂ ಅನುಕೂಲವಾಯಿತು. ಬೆಳಗಾದರೆ ವಾಟ್ಸಾಪಿನಲ್ಲಿ ಹೂವಿನ ಚಿತ್ರದ ಮೇಲೆ ಬರುವ ಫಿಲಿಪ್ಪಿ 4:13ನ್ನೇ ನೋಡು. ಎಲ್ಲಕ್ಕೂ ಶಕ್ತನಾಗಿದ್ದೇನೆ ಅನ್ನುವವನು ಸೆರೆಯಲ್ಲಿದ್ದಾನೆ, ಹಿಂದಿನ ವಚನದಲ್ಲೇ ಹಸಿವು, ಕೊರತೆಯ ಮಾತಿದೆ. ಪರೀಕ್ಷೆ ಪಾಸಾಗುವ ಮಾತು ಅಲ್ಲಿಲ್ಲ. ಒಳ್ಳೆಯ ಗತಿ, ನಿರೀಕ್ಷೆಯ ಮಾತಿರುವ ಯೆರೆಮೀಯ 29:11 ಕೂಡ ಹಾಗೆಯೇ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ, ಹತ್ತನೇ ವಚನದಲ್ಲಿ ಎಪ್ಪತ್ತು ವರ್ಷದ ಅವಧಿ ಇದೆ. ಪರಊರಿನಲ್ಲಿರುವ ನಿನಗೆ ಏಳನೇ ವಚನವೇ ಹೆಚ್ಚು ಹತ್ತಿರ: ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸು ಅನ್ನುತ್ತದೆ.

ಪ್ರಾರ್ಥನೆಗೆ ಮಾತೇ ಹೊರಡದ ದಿನ 13ನೇ ಕೀರ್ತನೆ ತೆಗಿ. ಆರೇ ವಚನ, ಮೊದಲ ಎರಡರಲ್ಲೇ ಕೀರ್ತನೆಗಾರ ಎಲ್ಲಿಯವರೆಗೆ ಎಂದು ದೇವರನ್ನು ನಾಲ್ಕು ಸಲ ಕೇಳುತ್ತಾನೆ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಸಾಲೇ ಇಲ್ಲ. ಅದನ್ನೂ ಕೀರ್ತನೆಗಳಲ್ಲಿ ಉಳಿಸಿಕೊಂಡಿದ್ದಾರೆ. ಪ್ರವಾದಿ ಎಲೀಯ ಸಾವು ಬೇಡಿ ಗಿಡದ ಕೆಳಗೆ ಮಲಗಿದಾಗ ದೇವದೂತ ಬೋಧನೆ ಮಾಡಲಿಲ್ಲ; ರೊಟ್ಟಿ, ನೀರು ಇಟ್ಟು ಎರಡು ಸಲ ಎಬ್ಬಿಸಿ ತಿನ್ನಿಸಿದ. ಎರಡು ವಾರ ನಿದ್ದೆ ಬಾರದೆ, ಊಟ ಸೇರದೆ ಹೋದರೆ ಪ್ರಾರ್ಥನೆಯ ಜೊತೆಗೆ ಡಾಕ್ಟರನ್ನೂ ನೋಡು.

ಪುಸ್ತಕವನ್ನು ಗೋಡೆಯ ಕಪಾಟಿನಲ್ಲಿ ಇಡಬೇಡ. ಸತ್ಯವೇದದ ಹಾಳೆ ತೆಳು, ಶಿರಸಿಯ ಮಳೆಗಾಲದ ಥಂಡಿಗೆ ಬೂಸು ಹಿಡಿಯುತ್ತದೆ. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡು. ಜೆಲ್ ಪೆನ್ನಿನಲ್ಲಿ ಗೆರೆ ಎಳೆದರೆ ಹಿಂದಿನ ಪುಟಕ್ಕೆ ಇಳಿಯುತ್ತದೆ, ಪೆನ್ಸಿಲ್ಲೇ ಒಳ್ಳೆಯದು.

ಇನ್ನು ಜೊತೆಯವರ ವಿಷಯ. ಮಳೆ ಜೋರಾಗಿ ದೇವಿಮನೆ ಘಾಟಿನಲ್ಲಿ ಗುಡ್ಡ ಕುಸಿದರೆ ಇಲ್ಲಿಗೆ ಬರುವುದು ಕಷ್ಟ, ಅಷ್ಟರೊಳಗೆ ಅಲ್ಲೇ ಒಂದು ಕೂಟ ಮಾಡಿಕೊ. ಇಬ್ರಿಯರಿಗೆ ಬರೆದ ಪತ್ರದ 3:13 ಒಬ್ಬರನ್ನೊಬ್ಬರು ದಿನವೂ ಎಚ್ಚರಿಸಿರಿ ಅನ್ನುತ್ತದೆ. ಭಾನುವಾರದ ಎರಡು ಗಂಟೆಯಿಂದ ಅದು ಆಗದು. ಆರಾಧನೆ ಮುಗಿದ ಕೂಡಲೇ ಬಸ್ಸಿಗೆ ಓಡಬೇಡ. ಒಂದೇ ಜಾಗದಲ್ಲಿ ಕೂತುಕೊ, ಮುಗಿದ ಮೇಲೆ ಚಾಪೆ, ಕುರ್ಚಿ ಎತ್ತಿಡಲು ಕೈಜೋಡಿಸು, ಮುಖ ತಾನಾಗಿ ಪರಿಚಯವಾಗುತ್ತದೆ. ಸಭಾಪಾಲಕರ ಮನೆಯ ಅಮ್ಮನವರನ್ನು ಕೇಳಿದರೆ ವಾರದಲ್ಲೊಂದು ಸಂಜೆ ಕೂರಬಲ್ಲ ಇಬ್ಬರು ಸಹೋದರಿಯರನ್ನು ತೋರಿಸುತ್ತಾರೆ. ಮೂವರು ಸಾಕು. ಐವರು ದಾಟಿದರೆ ಮೆತ್ತಗಿನವರು ಬಾಯಿ ಬಿಡುವುದಿಲ್ಲ.

ಒಂದು ಗಂಟೆ ಇಟ್ಟುಕೊಳ್ಳಿ. ಅರ್ಧ ಗಂಟೆ ಮೂವರೂ ಮನೆಯಲ್ಲಿ ಓದಿಬಂದ ಒಂದೇ ಭಾಗ, ಆ ನಡುವಿನ ಸಾಲಿನ ಪ್ರಶ್ನೆಗಳ ಸಮೇತ. ಉಳಿದದ್ದು ಕಷ್ಟಸುಖ, ಪ್ರಾರ್ಥನೆ. ಹೊತ್ತಿಗೆ ಸರಿಯಾಗಿ ಏಳಿ, ಇಲ್ಲದಿದ್ದರೆ ಮುಂದಿನ ವಾರ ಮನೆಯವರು ಕಳಿಸುವುದಿಲ್ಲ. ಕೂಟ ಕೆಡುವುದು ಹೆಚ್ಚಾಗಿ ಪ್ರಾರ್ಥನೆ ವಿನಂತಿಯಲ್ಲೇ. ಪಾಪ, ಅವಳಿಗಾಗಿ ಪ್ರಾರ್ಥಿಸಿ ಅಂತ ಶುರುವಾಗಿ ಅವಳ ಮನೆಯ ಜಗಳವೆಲ್ಲ ಹೊರಗೆ ಬರುತ್ತದೆ. ಅವಳ ಅಪ್ಪಣೆಯಿಲ್ಲದೆ ಹೆಸರು ಎತ್ತಬೇಡ. ಪ್ರಾರ್ಥಿಸುತ್ತೇನೆ ಎಂದು ಹೇಳಿ ಮರೆಯುವುದಕ್ಕಿಂತ ಅಲ್ಲೇ ಎರಡು ಮಾತಿನಲ್ಲಿ ಪ್ರಾರ್ಥಿಸು. ಚೀಟಿ, ಕೈಸಾಲ ಕೂಟದ ಹತ್ತಿರವೂ ಸುಳಿಯಬಾರದು.

ಕಷ್ಟದಲ್ಲಿರುವವರಿಗೆ ನಿನ್ನ ನಂಬಿಕೆ ಸಾಲದು ಅನ್ನುವವರು ಸಿಗುತ್ತಾರೆ. ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಸುಮ್ಮನೆ ಕೂತಿದ್ದಷ್ಟೇ ಸರಿ, ಬಾಯಿ ತೆರೆದ ಮೇಲೆ ಎಡವಟ್ಟಾಯಿತು. ನೀನು ಹುರಿದುಂಬಿಸುವಾಗ ಪೌಲ ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ನೋಡು, ಹೆಸರು ಹಿಡಿದು ಯಾರು ಏನು ಮಾಡಿದರೆಂದು ಹೇಳುತ್ತಾನೆ. ಅದೇ ಅಧ್ಯಾಯದ 13ನೇ ವಚನದಲ್ಲಿ ರೂಫನ ತಾಯಿ ನನಗೂ ತಾಯಿ ಅನ್ನುತ್ತಾನೆ. ಅಲ್ಲಿ ಅಂಥ ಒಬ್ಬ ಹಿರಿಯರನ್ನು ಹುಡುಕಿಕೊ. ತಪ್ಪಿದರೆ ಗದರುವವರಾದರೆ ಇನ್ನೂ ಒಳ್ಳೆಯದು. ಮನೆಗೆ ಕರೆದರೆ ಬರಿಗೈಯಲ್ಲಿ ಹೋಗಬೇಡ, ಪಾರ್ಸಲ್‌ನಲ್ಲಿ ಒಣ ಸಿಗಡಿ ಇದೆ, ಅರ್ಧ ಅವರಿಗೆ.

ಇಂತಿ,
ನಿನ್ನ ಅಮ್ಮ